ಮೀನು ಎಷ್ಟು ಅಂತ ಕೇಳಬೇಡಿ, ಊಟ ಎಷ್ಟು ಅಂತ ಕೇಳಿ

ಬಳ್ಳಾರಿಯಲ್ಲಿ ಅಕ್ವೇರಿಯಂ ಇಟ್ಟಿರುವ ಗೆಳೆಯರ ಮುಂದೆ ಆಡಿದ ಮಾತು ಇದು. ಅವತ್ತು ಬಾಯಲ್ಲಿ ಹೇಳಿದ ಲೆಕ್ಕಗಳನ್ನು ಬರೆದು ಕೊಡಿ ಅಂತ ಕೆಲವರು ಕೇಳಿದರು, ಅದಕ್ಕೇ ಈ ಬರಹ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಬಹಳ ಜನ ಸಿಹಿನೀರಿನ ಟ್ಯಾಂಕಿನಿಂದ ಶುರು ಮಾಡಿ ಆಮೇಲೆ ಉಪ್ಪುನೀರಿಗೆ ಬಂದವರು. ಉಪ್ಪುನೀರಿಗೆ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಂದು ನಾಲ್ಕಡಿ ಟ್ಯಾಂಕ್, ಇನ್ನೂ ಎಷ್ಟು ಮೀನು ಬಿಡಬಹುದು?" ಬಣ್ಣ ನೋಡಿದರೆ ತರದೇ ಇರೋಕೆ ಮನಸ್ಸು ಬರಲ್ಲ, ನಿಜ. ಎರಡು ಕ್ಲೌನ್ ಫಿಶ್ ತಂದವರು ಒಂದು ಟ್ಯಾಂಗ್ ತರುತ್ತಾರೆ, ಆಮೇಲೆ ಡ್ಯಾಮ್ಸೆಲ್ ನಾಲ್ಕೈದು, ಆಮೇಲೆ ಒಂದು ರಾಸ್, ನೋಡ್ತಾ ನೋಡ್ತಾ ಟ್ಯಾಂಕ್ ತುಂಬಿರುತ್ತದೆ. ಬೇಡ ಅಂತ ಹೇಳೋಕೆ ನಾನು ಇಲ್ಲಿ ಬಂದಿಲ್ಲ. ತುಂಬಿದ ಟ್ಯಾಂಕನ್ನೂ ಚೆನ್ನಾಗಿ ಇಡಬಹುದು. ಆದರೆ ಮೀನಿನ ತಲೆ ಎಣಿಸಿದರೆ ನೀರಿನ ಲೆಕ್ಕ ಸಿಗಲ್ಲ. ನೀರಿಗೆ ದಿನಾ ಎಷ್ಟು ಗ್ರಾಂ ಊಟ ಬೀಳುತ್ತದೆ ಅನ್ನೋದೇ ಲೆಕ್ಕ. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ.

ಈ ಲೆಕ್ಕ ಒಮ್ಮೆ ಪೂರ್ತಿ ಮಾಡಿ ನೋಡೋಣ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 450 ಲೀಟರ್. ಕಲ್ಲು, ಮರಳು ಕಳೆದು, ಸಂಪ್, ಅಂದರೆ ಟ್ಯಾಂಕಿನ ಕೆಳಗೆ ಇಡುವ ಫಿಲ್ಟರ್ ತೊಟ್ಟಿ, ಅದರ ನೀರು ಸೇರಿಸಿದರೆ 400 ಲೀಟರ್ ಅಂತ ಇಟ್ಟುಕೊಳ್ಳಿ. ವಾರಕ್ಕೆ 10 ಗ್ರಾಂ ಒಣ ಪೆಲೆಟ್ ಹಾಕುತ್ತೀರಿ. ಡಬ್ಬಿ ಮೇಲೆ ಪ್ರೋಟೀನ್ 45 ಪರ್ಸೆಂಟ್ ಅಂತ ಬರೆದಿರುತ್ತದೆ, ಅಂದರೆ 4.5 ಗ್ರಾಂ ಪ್ರೋಟೀನ್. ಪ್ರೋಟೀನಿನಲ್ಲಿ ಸುಮಾರು 16 ಪರ್ಸೆಂಟ್ ಸಾರಜನಕ, ಅಂದರೆ 0.72 ಗ್ರಾಂ. ಅಷ್ಟೂ ಕೊನೆಗೆ ನೈಟ್ರೇಟ್ ಅನ್ನುವ, ನೀರಿನಲ್ಲೇ ಉಳಿಯುವ ಕಲ್ಮಶ ಆದರೆ 3.2 ಗ್ರಾಂ ನೈಟ್ರೇಟ್. 400 ಲೀಟರಿನಲ್ಲಿ ಹರಡಿದರೆ 8 ಪಿಪಿಎಂ, ಅಂದರೆ ಲೀಟರಿಗೆ 8 ಮಿಲಿಗ್ರಾಂ. ಕಾಲು ಭಾಗ ಮೀನಿನ ಮೈಗೆ ಹತ್ತಿತು ಅಂತ ಬಿಟ್ಟರೂ ವಾರಕ್ಕೆ 6 ಪಿಪಿಎಂ ನೀರಿನಲ್ಲಿ ಏರುತ್ತದೆ. ಒಂದು ಸಣ್ಣ ತಕ್ಕಡಿ ತಗೊಳ್ಳಿ, ಚಿನ್ನದ ಅಂಗಡಿಯಲ್ಲಿ ಇಟ್ಟಿರುವಂಥದ್ದು ಈಗ ಕಡಿಮೆ ಬೆಲೆಗೇ ಸಿಗುತ್ತದೆ. ನಿಮ್ಮ ಮನೆಯಲ್ಲಿ ಒಂದು ಚಿಟಿಕೆ ಅಂದರೆ ಎಷ್ಟು ಅಂತ ತೂಗಿ ನೋಡಿ. ಮಗ ಹಾಕುವ ಚಿಟಿಕೆಯೇ ಬೇರೆ, ಅಜ್ಜಿ ಹಾಕುವ ಚಿಟಿಕೆಯೇ ಬೇರೆ, ಅಲ್ವಾ?

ಫ್ರೋಜನ್ ಊಟ ಹಾಕುವವರು, ಸಿಗಡಿ ಕತ್ತರಿಸಿ ಹಾಕುವವರು ಇನ್ನೊಂದು ಕೆಲಸ ಮಾಡಿ. ಕರಗಿದ ಮೇಲೆ ಚಹಾ ಸೋಸುವ ಜರಡಿಗೆ ಹಾಕಿ ಒಂದು ಲೋಟ ಆರ್‌ಒ ನೀರಿನಲ್ಲಿ ತೊಳೆಯಿರಿ. ಕೆಳಗೆ ಇಳಿಯುವ ಕಲಕು ನೀರನ್ನು ನೋಡಿ. ಅದನ್ನು ಮೀನು ತಿನ್ನಲ್ಲ, ನೇರ ಕೊಳೆಯೋಕೆ ಹೋಗುತ್ತದೆ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಕೂಡ ಅದರ ಜೊತೆಗೇ ಬರುತ್ತದೆ.

ಈಗ ಅಮೋನಿಯಾ ವಿಷಯ. ಮೀನು ಕಿವಿರಿನಿಂದ ಬಿಡುವುದು ಅಮೋನಿಯಾ, ಉಳಿದ ಊಟ ಕೊಳೆತರೆ ಬರುವುದೂ ಅದೇ. ಕಲ್ಲಿನ ಮೇಲೆ, ಮರಳಿನಲ್ಲಿ ಕೂತಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅನ್ನುವ ವಿಜ್ಞಾನಿ ಇವನ್ನು ಬೇರ್ಪಡಿಸಿ ತೋರಿಸಿದ. ಇವು ಬಹಳ ನಿಧಾನ ಬೆಳೆಯುವ ಜೀವಿಗಳು. ಹಾಲು ಕೆಡಿಸುವಂಥ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ಇಮ್ಮಡಿಯಾದರೆ, ಇವಕ್ಕೆ ಇಮ್ಮಡಿಯಾಗೋಕೆ ಸುಮಾರು ಒಂದು ದಿನ ಬೇಕು. ಅದಕ್ಕೇ ಹೊಸ ಟ್ಯಾಂಕ್ ಹದಕ್ಕೆ ಬರೋಕೆ ನಾಲ್ಕರಿಂದ ಆರು ವಾರ ಅನ್ನುತ್ತಾರೆ. ಒಂದೇ ದಿನ ಐದು ಮೀನು ತಂದು ಬಿಟ್ಟರೆ ಇವು ಆ ವೇಗಕ್ಕೆ ಏರಲ್ಲ. ಒಂದು ಅಥವಾ ಎರಡು ಬಿಡಿ, ಎರಡು ವಾರ ಕಾಯಿರಿ, ಟೆಸ್ಟ್ ಮಾಡಿ, ಆಮೇಲೆ ಮುಂದಿನದು.

ಸಿಹಿನೀರಿನಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯಲ್ಲ ಅಂತ ಕೇಳುತ್ತಾರೆ. ಕಾರಣ ಪಿಹೆಚ್. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟು ತೊಂದರೆ ಕೊಡಲ್ಲ, ಇನ್ನೊಂದು ವಿಷ. ಪಿಹೆಚ್ 7 ಇದ್ದಾಗ ವಿಷದ ಪಾಲು 100ಕ್ಕೆ 1 ಕೂಡ ಇಲ್ಲ. ಸಮುದ್ರದ ನೀರಿನ ಪಿಹೆಚ್ 8.2, ಅಲ್ಲಿ 25 ಡಿಗ್ರಿಯಲ್ಲಿ 100ಕ್ಕೆ 6–7 ಪಾಲು ವಿಷ. ನೀರು ಬಿಸಿಯಾದಷ್ಟೂ ಆ ಪಾಲು ಏರುತ್ತದೆ. ಹಾಗಾಗಿ ಉಪ್ಪುನೀರಿನಲ್ಲಿ ಅಮೋನಿಯಾ ಟೆಸ್ಟ್ ಸ್ವಲ್ಪ ಹಸಿರು ತೋರಿಸಿದರೂ ಸುಮ್ನೆ ಬಿಡಬಾರದು. ನೈಟ್ರೈಟ್ ಮಾತ್ರ ಉಲ್ಟಾ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ತುಂಬ ಇರುವುದರಿಂದ ನೈಟ್ರೈಟ್ ಕಿವಿರಿನೊಳಗೆ ಅಷ್ಟು ಸುಲಭಕ್ಕೆ ಹೋಗಲ್ಲ, ಸಿಹಿನೀರಿನಷ್ಟು ಭಯ ಇಲ್ಲ.

ನೀರು ಬದಲಿಸುವ ಲೆಕ್ಕ ಎಲ್ಲರೂ ಒಮ್ಮೆ ಕಾಗದದ ಮೇಲೆ ಬರೆಯಬೇಕು. "ನಾನು ಹದಿನೈದು ದಿನಕ್ಕೊಮ್ಮೆ ಹತ್ತು ಪರ್ಸೆಂಟ್ ಬದಲಿಸ್ತೀನಿ, ಆದರೂ ನೈಟ್ರೇಟ್ ಇಳೀತಿಲ್ಲ" ಅಂತ ಬಹಳ ಜನ ಹೇಳುತ್ತಾರೆ. ಇಳಿಯೋಕೆ ಸಾಧ್ಯವೇ ಇಲ್ಲ, ನೋಡಿ. ವಾರಕ್ಕೆ 6 ಪಿಪಿಎಂ ಏರುವ ಟ್ಯಾಂಕಿನಲ್ಲಿ ಎರಡು ವಾರಕ್ಕೆ 12 ಏರುತ್ತದೆ. ಹತ್ತು ಪರ್ಸೆಂಟ್ ನೀರು ತೆಗೆದರೆ ಇದ್ದದ್ದರ ಹತ್ತನೇ ಒಂದು ಭಾಗ ಮಾತ್ರ ಹೋಗುತ್ತದೆ. ಹೋಗುವುದು 12 ಆಗಬೇಕಾದರೆ ಟ್ಯಾಂಕಿನಲ್ಲಿ 120 ಇರಬೇಕು! ಬೇರೆ ದಾರಿಯಿಂದ ಏನೂ ಕಳೆಯದಿದ್ದರೆ ಅಲ್ಲಿಗೆ ಹೋಗಿಯೇ ನಿಲ್ಲುತ್ತದೆ. ವಾರಕ್ಕೆ ಹತ್ತು ಪರ್ಸೆಂಟ್ ಮಾಡಿದರೆ 60ಕ್ಕೆ ನಿಲ್ಲುತ್ತದೆ. ವಾರಕ್ಕೆ ಇಪ್ಪತ್ತು ಮಾಡಿದರೆ 30ಕ್ಕೆ. ಬರೀ ಮೀನಿರುವ ಟ್ಯಾಂಕಿಗೆ 40ರ ಒಳಗೆ ಇದ್ದರೆ ನಾನು ನೆಮ್ಮದಿಯಾಗಿರುತ್ತೇನೆ, ಹವಳ ಇದ್ದರೆ 10ರ ಆಸುಪಾಸು ಬೇಕು. ಒಂದೇ ಸಲ ಅರ್ಧ ನೀರು ತೆಗೆದರೆ ಅಂಕಿ ಅವತ್ತು ಅರ್ಧ ಆಗುತ್ತದೆ, ಆದರೆ ಊಟ ಹಾಗೇ ಇದ್ದರೆ, ಬದಲಿಸುವ ರೂಢಿಯೂ ಹಾಗೇ ಇದ್ದರೆ, ಮತ್ತೆ ಹಳೇ ಜಾಗಕ್ಕೇ ಏರುತ್ತದೆ.

ಈಗ ಇಪ್ಪತ್ತು ಪರ್ಸೆಂಟ್ ಅಂದರೆ 80 ಲೀಟರ್. ಲೀಟರಿಗೆ ಸುಮಾರು 36 ಗ್ರಾಂ ಮರೈನ್ ಸಾಲ್ಟ್ ಅಂದರೂ ವಾರಕ್ಕೆ ಹತ್ತಿರ ಹತ್ತಿರ 3 ಕೆಜಿ. ಅದರ ದುಡ್ಡು ನಿಮಗೆ ಗೊತ್ತು. ಬಳ್ಳಾರಿಯಲ್ಲಿ ದುಡ್ಡಿಗಿಂತ ದೊಡ್ಡ ಮಾತು ನೀರಿನದು. ನಲ್ಲಿ ನೀರು ದಿನಾ ಬರುವ ಊರಲ್ಲ ನಮ್ಮದು. ಬರುವ ನೀರು ತುಂಗಭದ್ರೆಯದು, ಅದರಲ್ಲಿ ಕ್ಲೋರಿನ್ ಇರುತ್ತದೆ. ಬೇಸಿಗೆಯಲ್ಲಿ ಬೋರ್ ನೀರಿಗೇ ಗತಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಬೋರ್ ನೀರಿನಲ್ಲಿ ಲವಣ ಜಾಸ್ತಿ, ಎಷ್ಟೋ ಊರಲ್ಲಿ ಫ್ಲೋರೈಡ್ ಇದೆ, ಗೊಬ್ಬರ ಸುರಿಯುವ ಭತ್ತದ ಸೀಮೆಯಲ್ಲಿ ನೈಟ್ರೇಟ್ ಕೂಡ ಇದೆ. ನೈಟ್ರೇಟ್ ಇಳಿಸೋಕೆ ಅಂತ ಬದಲಿಸುವ ನೀರಿನಲ್ಲೇ ನೈಟ್ರೇಟ್ ಇದ್ದರೆ ಏನು ಮಾಡಿದಂತಾಯಿತು? ಹಾಗಾಗಿ ಆರ್‌ಒ ಬೇಕೇ ಬೇಕು.

ಇಲ್ಲೊಂದು ಮಾತು ಗಮನ ಇಟ್ಟು ಕೇಳಿ. ಮನೆಯ ಆರ್‌ಒ ಯಂತ್ರದಲ್ಲಿ ಸಾಮಾನ್ಯವಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಲೆಕ್ಕ) ಅಡ್ಜಸ್ಟರ್ ಅಂತ ಒಂದು ತಿರುಪು ಇರುತ್ತದೆ, ಮಿನರಲ್ ಕಾರ್ಟ್ರಿಜ್ ಬೇರೆ. ರುಚಿಗೆ ಅಂತ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತಾರೆ. ಕುಡಿಯೋಕೆ ಸರಿ. ಟ್ಯಾಂಕಿಗೆ ಆ ನೀರು ಬೇಡ, ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ಅದನ್ನು ದಾಟಿದ ತಕ್ಷಣದ ಪೈಪಿನಿಂದ ಹಿಡಿಯಿರಿ. ಹಾಗೆ ಹಿಡಿದರೂ 1200 ಟಿಡಿಎಸ್ ಬೋರ್ ನೀರಿಗೆ, ಮೆಂಬ್ರೇನ್ 95 ಪರ್ಸೆಂಟ್ ತಡೆದರೂ, 60 ಉಳಿಯುತ್ತದೆ. ಮೆಂಬ್ರೇನ್ ದಾಟಿದ ಮೇಲೆ ಒಂದು ಡಿಐ ರೆಸಿನ್ ಸಿಲಿಂಡರ್, ಅಂದರೆ ಉಳಿದ ಲವಣ ಹೀರುವ ಕಾಳು ತುಂಬಿದ ಕೊಳವೆ, ಹಾಕಿ ಸೊನ್ನೆಗೆ ಇಳಿಸಬೇಕು. ಮೀಟರ್ 2–3 ತೋರಿಸೋಕೆ ಶುರು ಮಾಡಿದರೆ ರೆಸಿನ್ ಮುಗಿಯಿತು ಅಂತ ಲೆಕ್ಕ. ಆರ್‌ಒ ಹೊರಗೆ ಬಿಡುವ ನೀರನ್ನು ಡ್ರಮ್ಮಿಗೆ ಹಿಡಿದು ನೆಲ ಒರೆಸೋಕೆ, ಬಚ್ಚಲಿಗೆ ಬಳಸಿ. ನೀರಿಗೆ ಜನ ಕೊಡ ಹಿಡಿದು ನಿಲ್ಲುವ ಊರಲ್ಲಿ ನಮ್ಮ ಹವ್ಯಾಸಕ್ಕೆ ಅಷ್ಟು ನೀರು ಮೋರಿಗೆ ಹೋಗುವುದು ನನಗೆ ಸರಿ ಕಾಣಲ್ಲ. ಊಟ ಹಿಡಿತದಲ್ಲಿಡಿ ಅಂತ ನಾನು ಇಷ್ಟು ಸಲ ಹೇಳುವುದು ಅದಕ್ಕೂ ಹೌದು. ಊಟ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ.

ಅಡುಗೆ ಉಪ್ಪು ಹಾಕಬಹುದಾ ಅಂತ ಈಗಲೂ ಕೇಳುವವರಿದ್ದಾರೆ. ಬೇಡ. ಅದು ಬರೀ ಸೋಡಿಯಂ ಕ್ಲೋರೈಡ್, ಮೇಲೆ ಅಯೋಡಿನ್. ಸಮುದ್ರದ ನೀರಿನಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ, ಕಾರ್ಬೊನೇಟ್ ಅದರಲ್ಲಿ ಇಲ್ಲ. ಮರೈನ್ ಸಾಲ್ಟ್ ಹಿಂದಿನ ದಿನವೇ ಕಲಸಿ, ಪಂಪ್ ಹಾಕಿ ತಿರುಗಿಸಿ, ಲವಣಾಂಶ 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು, ಬಂದಿದೆ ಅಂತ ಲವಣ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿ ಹಾಕಿ.

ಸೆಕೆ ವಿಷಯಕ್ಕೆ ಬರೋಣ. ಏಪ್ರಿಲ್, ಮೇನಲ್ಲಿ ಇಲ್ಲಿ 40 ದಾಟುತ್ತದೆ, ಟ್ಯಾಂಕ್ 26–27ರಲ್ಲಿ ಇರಬೇಕು. ನೀರು ತಣ್ಣಗೆ ಮಾಡುವ ಚಿಲ್ಲರ್ ಇದ್ದವರಿಗೆ ತೊಂದರೆ ಇಲ್ಲ. ಇಲ್ಲದವರು ಸಂಪ್ ಮೇಲೆ ಫ್ಯಾನ್ ಕಟ್ಟುತ್ತಾರೆ, ಅದು ನಮ್ಮ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮಂಗಳೂರಿನವರಿಗೆ ಈ ಲಾಭ ಇಲ್ಲ, ಅಲ್ಲಿನ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ನಮ್ಮದು ಒಣ ಗಾಳಿ, ಮನೆಯ ಕೂಲರ್ ತಂಪು ಕೊಡುವುದೂ ಇದೇ ಕಾರಣಕ್ಕೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ 400 ಲೀಟರನ್ನು ಸುಮಾರು ಒಂದೂವರೆ ಡಿಗ್ರಿ ತಣ್ಣಗೆ ಮಾಡುವಷ್ಟು ಶಾಖ ಹೊತ್ತುಕೊಂಡು ಹೋಗುತ್ತದೆ. ಆದರೆ ಅದೇ ರೂಮಿನಲ್ಲಿ ಕಿಟಕಿ ಮುಚ್ಚಿ ಕೂಲರ್ ಹಾಕಬೇಡಿ, ಗಾಳಿಯೆಲ್ಲ ತೇವ ಆಗಿ ಫ್ಯಾನ್ ಕೆಲಸ ನಿಲ್ಲುತ್ತದೆ.

ಫ್ಯಾನ್ ಹಾಕಿದರೆ ನೀರು ಹೋಗುತ್ತದೆ, ಉಪ್ಪು ಹೋಗಲ್ಲ. ಬೇಸಿಗೆಯಲ್ಲಿ ಇಂಥ ಟ್ಯಾಂಕಿನಿಂದ ದಿನಕ್ಕೆ 8 ಲೀಟರ್ ಆವಿಯಾದರೆ ಆಶ್ಚರ್ಯ ಇಲ್ಲ. ಐದು ದಿನ ಊರಿಗೆ ಹೋಗಿ ಬಂದರೆ 40 ಲೀಟರ್ ಹೋಗಿ, 35 ಇದ್ದ ಲವಣಾಂಶ 39ರ ಹತ್ತಿರ ಬಂದಿರುತ್ತದೆ. ಬಂದ ತಕ್ಷಣ ಗಾಬರಿಯಾಗಿ ಒಂದೇ ಸಲ 40 ಲೀಟರ್ ಸಿಹಿನೀರು ಸುರಿದರೆ ಅದು ಇನ್ನೊಂದು ಪೆಟ್ಟು. ಎರಡು ಮೂರು ದಿನದಲ್ಲಿ ನಿಧಾನ ಇಳಿಸಿ. ಫ್ಲೋಟ್ ಸ್ವಿಚ್ ಇರುವ ಆಟೋ ಟಾಪ್ ಅಪ್ ಬೇಸಿಗೆಗೆ ಮುಂಚೆಯೇ ಹಾಕಿಸಿ. ತುಂಬಿಸುವುದು ಆರ್‌ಒ ನೀರು ಮಾತ್ರ, ಉಪ್ಪುನೀರು ಅಲ್ಲ.

ಇಲ್ಲಿಯವರೆಗೆ ಹೇಳಿದ್ದು ವಾರ, ತಿಂಗಳಲ್ಲಿ ಕೆಡುವ ಮಾತು. ಗಂಟೆಯಲ್ಲಿ ಕೆಡುವುದು ಆಮ್ಲಜನಕ. ತುಂಬಿದ ಟ್ಯಾಂಕಿನಲ್ಲಿ ಮೀನು ಒಟ್ಟಿಗೇ ಸತ್ತರೆ ಜನ ಅಮೋನಿಯಾ ಅನ್ನುತ್ತಾರೆ, ರೋಗ ಅನ್ನುತ್ತಾರೆ. ಹಿಂದಿನ ರಾತ್ರಿ ಕರೆಂಟ್ ಹೋಗಿತ್ತಾ ಅಂತ ನಾನು ಮೊದಲು ಕೇಳುತ್ತೇನೆ. ಸಿಹಿನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸಮುದ್ರದ ನೀರು ಹಿಡಿಯುವುದು 6.7 ಮಾತ್ರ. 30 ಡಿಗ್ರಿಗೆ ಹೋದರೆ 6.2. ಅದೇ ಹೊತ್ತಿಗೆ ಬಿಸಿನೀರಿನಲ್ಲಿ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು. ಬ್ಯಾಕ್ಟೀರಿಯಾಕ್ಕೂ ಬೇಕು, ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡೋಕೆ ನಾಲ್ಕು ಗ್ರಾಂಗಿಂತ ಜಾಸ್ತಿ ಆಮ್ಲಜನಕ ಹೋಗುತ್ತದೆ. ರಾತ್ರಿ ಪಾಚಿಯೂ ಕೊಡುವುದನ್ನು ಬಿಟ್ಟು ತಗೊಳ್ಳೋಕೆ ಶುರು ಮಾಡುತ್ತದೆ. ಹಾಗಾಗಿ ಅತಿ ಕಡಿಮೆ ಇರುವ ಹೊತ್ತು ಬೆಳಗಿನ ಜಾವ, ಎಲ್ಲರೂ ಮಲಗಿರುವಾಗ. ಒಂದು ದಿನ ಬೆಳಗ್ಗೆ ಐದಕ್ಕೆ ಎದ್ದು, ಲೈಟ್ ಹಾಕದೆ, ಮೊಬೈಲ್ ಬೆಳಕನ್ನು ಕೈಯಿಂದ ಮರೆ ಮಾಡಿ ಟ್ಯಾಂಕ್ ನೋಡಿ. ಟ್ಯಾಂಗ್ ಕಿವಿರು ಪಟಪಟ ಬಡಿಯುತ್ತಿದ್ದರೆ, ಮೀನುಗಳು ನೀರು ಮೇಲಿಂದ ಬೀಳುವ ಪೈಪಿನ ಹತ್ತಿರ ಗುಂಪು ಸೇರಿದ್ದರೆ, ಯಾವ ಟೆಸ್ಟ್ ಕಿಟ್ಟೂ ಬೇಡ. ನಿಮ್ಮ ಟ್ಯಾಂಕಿನಲ್ಲಿ ಮೀನು ಜಾಸ್ತಿ, ಇಲ್ಲವೇ ಮೇಲಿನ ಅಲೆ ಕಡಿಮೆ.

ಸಮುದ್ರದಿಂದ ದೂರ ಇರುವ ಊರಲ್ಲಿ ಈ ಪಾಡು ಹೊಸದಲ್ಲ. 1846ರಲ್ಲಿ ಆ್ಯನಾ ಥಿನ್ ಅನ್ನುವ ಹೆಣ್ಣುಮಗಳು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳಗಳನ್ನು ಲಂಡನ್ನಿನ ಮನೆಗೆ ತಂದಳು. ಪಂಪ್ ಇಲ್ಲದ ಕಾಲ. ಮನೆಗೆಲಸದವಳು ದಿನಾ ತೆರೆದ ಕಿಟಕಿಯ ಮುಂದೆ ನಿಂತು ಅರ್ಧದಿಂದ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಹವಳ ಬದುಕಿದವು. ಹೆಸರು ಉಳಿದಿರುವುದು ಯಜಮಾನಿಯದು, ನನಗೆ ಮಾತ್ರ ಆ ಕೆಲಸದವಳ ಕೈಗೇ ಕೈ ಮುಗಿಯಬೇಕು ಅನ್ನಿಸುತ್ತದೆ. ಕರೆಂಟ್ ಹೋದ ರಾತ್ರಿ ನಿಮ್ಮ ಹತ್ತಿರ ಏನೂ ಇಲ್ಲದಿದ್ದರೆ ಜಗ್ ತಗೊಂಡು ಅದನ್ನೇ ಮಾಡಿ. ಒಂದಡಿ ಮೇಲಿಂದ ನೀರು ಸುರಿಯಿರಿ. ಕೆಲಸ ಮಾಡುತ್ತದೆ.

ಸ್ಕಿಮ್ಮರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆ ಯಂತ್ರ ಎಬ್ಬಿಸುವ ಸಣ್ಣ ಗುಳ್ಳೆಗಳಿಗೆ ಅಂಟಿಕೊಂಡು ಕಲ್ಮಶ ಮೇಲೆ ಬರುತ್ತದೆ, ಅದರ ಮೇಲಿನ ಲೋಟದಲ್ಲಿ ಕಡು ಚಹಾ ಬಣ್ಣದ ನಾರುವ ನೀರು ಕೂರುತ್ತದೆ. ಅಮೋನಿಯಾ ಆಗುವುದಕ್ಕೂ ಮುಂಚೆಯೇ ಹೊರಗೆ ಹೋಗುವ ಮಾಲು ಅದು, ಜೊತೆಗೆ ನೀರಿಗೆ ಗಾಳಿಯೂ ಸಿಗುತ್ತದೆ. ಡಬ್ಬದ ಮೇಲೆ 400 ಲೀಟರಿಗೆ ಅಂತ ಬರೆದಿದ್ದರೆ ತುಂಬಿದ ಟ್ಯಾಂಕಿಗೆ ಅದರ ಮೇಲಿನ ಸೈಜ್ ತಗೊಳ್ಳಿ. ಆ ಲೋಟದ ಕತ್ತಿನ ಒಳಗೆ ಜಿಡ್ಡು ಕಟ್ಟಿದರೆ ನೊರೆ ಏರಲ್ಲ, ಎರಡು ಮೂರು ದಿನಕ್ಕೊಮ್ಮೆ ಒರೆಸಿ. ಕಸ ಹಿಡಿಯುವ ಬಟ್ಟೆ ಚೀಲ (ಫಿಲ್ಟರ್ ಸಾಕ್ಸ್), ಸ್ಪಂಜ್ ಕೂಡ ಅಷ್ಟೇ. ಅದರಲ್ಲಿ ಸಿಕ್ಕಿಬಿದ್ದ ಊಟ ಟ್ಯಾಂಕಿನಿಂದ ಹೊರಗೆ ಹೋಗಿಲ್ಲ, ಅಲ್ಲೇ ಕೂತು ಕೊಳೆಯುತ್ತಿರುತ್ತದೆ.

ಫಾಸ್ಫೇಟ್ ಇಳಿಸೋಕೆ ಹಾಕುವ ಕೆಂಪು ಕಾಳು ಕಬ್ಬಿಣದ ಆಕ್ಸೈಡೇ. ಅದನ್ನು ಕೇಳಿ ಒಬ್ಬ ತಮ್ಮ, "ಹಂಗಾದ್ರೆ ಸಂಡೂರಿನ ಅದಿರನ್ನೇ ಹಾಕಿದ್ರೆ ಆಗಲ್ವಾ ಸರ್?" ಅಂದ. ಪ್ರಶ್ನೆ ಒಳ್ಳೆಯದೇ. ಅಂಗಡಿಯ ಕಾಳಿನ ಒಳಗೆ ಕಣ್ಣಿಗೆ ಕಾಣದ ತೂತುಗಳು ಕೋಟಿಗಟ್ಟಲೆ ಇರುತ್ತವೆ, ಫಾಸ್ಫೇಟ್ ಹಿಡಿಯುವುದು ಆ ತೂತುಗಳ ಗೋಡೆ. ಅದಿರು ಗಟ್ಟಿ ಕಲ್ಲು, ಮೇಲಾಗಿ ಅದರಲ್ಲಿ ಇನ್ನೇನು ಸೇರಿದೆ ಅಂತ ಗೊತ್ತಿರಲ್ಲ. ಬೇಡ.

ಕ್ಷಾರತೆ, ಅಂದರೆ ನೀರು ಹುಳಿಯಾಗದಂತೆ ತಡೆಯುವ ಶಕ್ತಿ, ಅದರ ಅಳತೆಗೆ ಕೆಎಚ್ ಅನ್ನುತ್ತಾರೆ, ಲೆಕ್ಕ ಡಿಗ್ರಿಯಲ್ಲಿ. ಇದನ್ನು ಬರೀ ಹವಳದವರ ತಲೆನೋವು ಅಂತ ತಿಳಿದಿದ್ದಾರೆ. ಮೀನು ತುಂಬಿದ ಟ್ಯಾಂಕಿಗೆ ಇನ್ನೂ ಬೇಕು. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟಿ ಕೆಎಚ್ ತಿನ್ನುತ್ತದೆ. ನಾವು ಮಾಡಿದ ಲೆಕ್ಕದ ಟ್ಯಾಂಕಿನಲ್ಲೇ ವಾರಕ್ಕೆ ಕಾಲು, ಅರ್ಧ ಡಿಗ್ರಿ ಇಳಿಯುತ್ತದೆ. 8ರಿಂದ 10ರ ನಡುವೆ ಇರಲಿ. 400 ಲೀಟರಿಗೆ ಒಂದು ಡಿಗ್ರಿ ಏರಿಸೋಕೆ 12 ಗ್ರಾಂ ಅಡುಗೆ ಸೋಡಾ ಸಾಕು. ಆರ್‌ಒ ನೀರಿನಲ್ಲಿ ಕರಗಿಸಿ, ಹರಿವು ಜೋರಾಗಿರುವ ಕಡೆ ನಿಧಾನ ಹಾಕಿ, ದಿನಕ್ಕೆ ಒಂದು ಡಿಗ್ರಿ ಮೀರಬೇಡಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ.

ಒಬ್ಬ ಅಕ್ಕ ಲೈವ್ ರಾಕ್ (ಬ್ಯಾಕ್ಟೀರಿಯಾ ನೆಲೆಸಿರುವ ಸಮುದ್ರದ ಕಲ್ಲು), ಹವಳ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ನಮ್ಮ ಕಡಲಿನ ಗಟ್ಟಿ ಹವಳ, ಸಮುದ್ರ ಕುದುರೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿವೆ, ಹುಲಿ ಇರುವ ಪಟ್ಟಿ ಅದು. ಯಾರಾದರೂ ಸಮುದ್ರದಿಂದ ಕಿತ್ತು ತಂದು ಕೊಡ್ತೀನಿ ಅಂದರೆ ತಗೋಬೇಡಿ. ಸೆರಾಮಿಕ್ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ನೆಲೆಸುತ್ತವೆ, ಕಾಯಬೇಕು ಅಷ್ಟೇ. ಕ್ಲೌನ್ ಫಿಶ್ ಕೂಡ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ ತಗೊಳ್ಳಿ. ಕೇಂದ್ರ ಸರ್ಕಾರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ಮರಿ ಮಾಡಿಸುವ ವಿಧಾನ ರೂಪಿಸಿ ಜನರಿಗೆ ಕಲಿಸಿದೆ. ಮನೆ ಟ್ಯಾಂಕಿನ ಊಟಕ್ಕೆ ಅವು ಬೇಗ ಒಗ್ಗುತ್ತವೆ, ಸುಮ್ನೆ ಹಾಳಾಗುವ ಊಟವೂ ಕಡಿಮೆ.

ಕೊನೆಯ ಪ್ರಶ್ನೆ, ಎಲ್ಲಾ ಒಟ್ಟಿಗೆ ತಗೊಳ್ಳೋಕೆ ದುಡ್ಡಿಲ್ಲ, ಮೊದಲು ಏನು ತಗೋಬೇಕು? ಬ್ಯಾಟರಿ ಏರ್ ಪಂಪ್. ಕರೆಂಟ್ ಹೋದಾಗ ತಾನೇ ಶುರುವಾಗುವಂಥದ್ದು, ತುಂಬಿದ ನಾಲ್ಕಡಿ ಟ್ಯಾಂಕಿಗೆ ಎರಡು. ಆಮೇಲೆ ಟ್ಯಾಂಕಿನಲ್ಲಿ ಅಲೆ ಎಬ್ಬಿಸುವ ವೇವ್ ಮೇಕರನ್ನು ಮನೆಯ ಇನ್ವರ್ಟರಿಗೆ ಹಾಕಿ, ಅದು ತಿನ್ನುವ ಕರೆಂಟ್ ಬಹಳ ಕಡಿಮೆ. ಆಮೇಲೆ ಟಾಪ್ ಅಪ್, ಆಮೇಲೆ ದೊಡ್ಡ ಸ್ಕಿಮ್ಮರ್. ತಂದು ಇಟ್ಟರೆ ಸಾಲದು, ಒಂದು ಭಾನುವಾರ ಹಗಲು ಹೊತ್ತು, ಮನೆಯಲ್ಲಿರುವಾಗ, ಟ್ಯಾಂಕಿನ ಮೈನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ನೋಡಿ. ಏರ್ ಪಂಪ್ ಶುರುವಾಯಿತಾ? ಸಂಪಿನ ನೀರನ್ನು ಮೇಲೆ ತಳ್ಳುವ ರಿಟರ್ನ್ ಪಂಪ್ ನಿಂತ ಮೇಲೆ ಪೈಪಿನಿಂದ ನೀರು ವಾಪಸ್ ಇಳಿದು ಸಂಪ್ ತುಂಬಿ ನೆಲಕ್ಕೆ ಬಂತಾ? ಬಂದರೆ ರಿಟರ್ನ್ ಪೈಪಿನ ಬಾಯನ್ನು ನೀರಿನ ಮಟ್ಟಕ್ಕೆ ಎತ್ತಿ ಕಟ್ಟಿ, ಸಂಪ್ ಮಟ್ಟ ಎರಡು ಇಂಚು ಇಳಿಸಿ, ಮತ್ತೆ ಆಫ್ ಮಾಡಿ ನೋಡಿ.